ಬೀಜದ ಟಗರು

ಹಳಗನ್ನಡದ 'ತಗರ್' ಈಗಿನ ಟಗರು. ತಮಿಳಿನಲ್ಲಿ ತಗರ್, ತೆಲುಗಿನಲ್ಲಿ ತಗರು ಇರುವುದರಿಂದ ಇದು ದ್ರಾವಿಡದ ಹಳೆಯ ಸೊತ್ತು. ನಮ್ಮಲ್ಲಿ ಮೊದಲಕ್ಷರ ಗಡುಸಾಗಿದೆ; ಗುದ್ದುವ ಪ್ರಾಣಿಗೆ ಅದು ಒಪ್ಪುತ್ತದೆ ಕೂಡ! ಊರಿನಲ್ಲಿ ಟಗರೆಂದರೆ ಕಾಳಗ, ಪೇಟೆಯಲ್ಲಿ 2018ರ ಸಿನಿಮಾ.

ಹಟ್ಟಿಯಲ್ಲಿ ಮುಖ್ಯವಾಗುವುದು 'ಬೀಜದ ಟಗರು', ಎಂದರೆ ಮಾರದೆ, ಬೀಜ ಒಡೆಯದೆ ಮಂದೆಗಾಗಿ ಉಳಿಸಿಕೊಂಡ ಗಂಡು. 40 ಹೆಣ್ಣು ಕುರಿಗೆ ಒಂದೇ ಟಗರು ಬಿಟ್ಟರೆ ಲೆಕ್ಕಕ್ಕೆ 41 ತಲೆ. ಆದರೆ ಹುಟ್ಟುವ ಮರಿಗಳಿಗೆಲ್ಲ ಅರ್ಧ ರಕ್ತ ಅದೊಂದರದೇ. ತಳಿವಿಜ್ಞಾನದ ಸೂತ್ರಕ್ಕೆ ಹಾಕಿ ನೋಡಿದರೆ ವಂಶವಾಹಿ ವೈವಿಧ್ಯದ ಮಟ್ಟಿಗೆ ಆ ಮಂದೆಯ ಪರಿಣಾಮಕಾರಿ ಗಾತ್ರ ಸುಮಾರು 4! ಇನ್ನೊಂದು ಟಗರು ಸೇರಿಸಿ, ಆ ಗಾತ್ರ ಏಳೂವರೆ ದಾಟುತ್ತದೆ. ಹೆಣ್ಣು ಕುರಿ ನೂರು ಹೆಚ್ಚಿಸಿದರೂ ಇಷ್ಟು ಲಾಭವಿಲ್ಲ.

ಎರಡನೆಯ ವರ್ಷವೂ ಅದೇ ಟಗರು ಉಳಿದರೆ ಮಗಳ ಮೇಲೇ ಹಾರುತ್ತದೆ. ಹಾಗೆ ಹುಟ್ಟಿದ ಮರಿಯಲ್ಲಿ ಯಾವುದೇ ವಂಶವಾಹಿಯ ಎರಡೂ ಪ್ರತಿಗಳು ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಶೇ. 25. ಅಡಗಿದ್ದ ದೋಷಗಳು ಆಗ ಹೊರಬೀಳುತ್ತವೆ: ಮರಿ ಸಣ್ಣದಾಗುತ್ತದೆ, ಸಾವು ಹೆಚ್ಚುತ್ತದೆ, ಕುರಿ ಗಬ್ಬ ಕಟ್ಟುವುದೂ ಕಡಿಮೆ.

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಗಿಡ್ಡ ಕಾಲಿನ ಕುರಿಯಂಥ ಚಿಕ್ಕ ತಳಿಗೆ ಈ ಎಚ್ಚರ ಹೆಚ್ಚು ಬೇಕು. ಮಾಂಸಕ್ಕೆ ಬೇಡಿಕೆ ಇರುವುದರಿಂದ ಚೆಂದದ ಗಂಡುಮರಿ ಮೊದಲು ಸಂತೆಗೆ ಹೋಗುತ್ತದೆ. ಬೀಜಕ್ಕೆ ಉಳಿಯುವುದು ಮಿಕ್ಕಿದ್ದು. ಬೇರೆ ಊರಿನ, ಅದೇ ತಳಿಯ ಟಗರನ್ನು, ಮಗಳು ಬೆದೆಗೆ ಬರುವ ಮೊದಲೇ, ಅದಲುಬದಲು ಮಾಡಿಕೊಳ್ಳುವುದು ಇದಕ್ಕೆ ಅಗ್ಗದ ಮದ್ದು.