ವೈಟ್‌ಫೀಲ್ಡಿನ ತೋಟದ ಮನೆಗಳು

ಬೆಂಗಳೂರು ದಂಡಿನಿಂದ ಮೂಡಲಿಗೆ ಹೊರಟು ಹಲಸೂರು, ಕೃಷ್ಣರಾಜಪುರಗಳನ್ನು ದಾಟಿದರೆ ವೈಟ್‌ಫೀಲ್ಡ್ ಸಿಕ್ಕುತ್ತದೆ. ಹೆಸರನ್ನು ಕನ್ನಡಿಸಿ ‘ಬಿಳಿಯರ ಹೊಲ’ ಎನ್ನುವವರುಂಟು. ನಾನೂ ಬಹುಕಾಲ ಹಾಗೆಂದೇ ತಿಳಿದಿದ್ದೆ. ಆದರೆ ಇಲ್ಲಿನ ‘ವೈಟ್’ ಒಬ್ಬ ಮನುಷ್ಯನ ಹೆಸರು. ಆತ ನೆಲ ಕೊಡಿಸಹೊರಟದ್ದಾದರೂ ಯಾರಿಗೆ? ಬಿಳಿಯರು ತಮ್ಮವರೆಂದು ಒಪ್ಪದ, ನಮ್ಮವರೂ ಪಂಕ್ತಿಗೆ ಸೇರಿಸದ ಮಿಶ್ರ ಸಂತತಿಯವರಿಗೆ.

ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಮದರಾಸಿನಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘವನ್ನು ಕಟ್ಟಿದವನು. ರೈಲ್ವೆ, ತಂತಿ, ಕಚೇರಿಯ ಗುಮಾಸ್ತಿಕೆ, ಇವುಗಳನ್ನೇ ನಂಬಿದ್ದ ಜನ ಅವರು. ಸರ್ಕಾರದ ಕೃಪೆ ತಪ್ಪಿದರೆ ನಿಲ್ಲಲು ಸ್ವಂತದ ನೆಲವಿರಬೇಕೆಂಬುದು ಅವನ ಹಂಬಲ. ಮೈಸೂರು ರಾಜ್ಯ ಮರಳಿ ಒಡೆಯರ ಕೈಸೇರಿದ್ದು 1881ರಲ್ಲಿ. ಮರುವರ್ಷವೇ ಚಾಮರಾಜೇಂದ್ರ ಒಡೆಯರು ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. 1876–78ರ ಘೋರ ಕ್ಷಾಮ ಕಳೆದು ಆಗಿನ್ನೂ ನಾಲ್ಕೇ ವರ್ಷ. ಸಂಸ್ಥಾನದ ಐದರಲ್ಲೊಂದು ಪಾಲು ಜನ ಅಳಿದಿದ್ದರು. ನೆಲಕ್ಕಿಂತ ಉಳುವವರು ದುರ್ಲಭವಾಗಿದ್ದ ಕಾಲ.

ಹಾಗೆಂದು ಅದೇನೂ ಹೆಸರಿಲ್ಲದ ಬಯಲಲ್ಲ. ಪಕ್ಕದ ಪಟ್ಟಂದೂರಿನ ಕೆರೆಯ ಮಾತನ್ನು ಚೋಳರ ಕಾಲದ ಶಾಸನವೇ ಹೇಳುತ್ತದೆ. ಕಾಡುಗೋಡಿ, ಹಗದೂರು, ನಲ್ಲೂರಹಳ್ಳಿ ಎಲ್ಲವೂ ಸುತ್ತ ಇದ್ದೇ ಇದ್ದವು.

ಊರನ್ನು ದುಂಡಗೆ ಹಾಕಿದರು. ನಡುವೆ ಹುಲ್ಲಿನ ಮೈದಾನ, ಅದರ ಸುತ್ತ ರಸ್ತೆ, ರಸ್ತೆಗೆ ಮುಖಮಾಡಿ ಮನೆಗಳು. ಇಂದಿಗೂ ಅದನ್ನು ‘ಇನ್ನರ್ ಸರ್ಕಲ್’ ಎನ್ನುತ್ತಾರೆ. ಹೆಂಚಿನ ಮಾಡು, ಉದ್ದನೆಯ ಜಗಲಿ, ಹಿಂದೆ ಮಾವು ಹಲಸು ಬೆಳೆಯುವಷ್ಟು ವಿಶಾಲವಾದ ಹಿತ್ತಲು: ಮನೆಗಿಂತ ಹಿತ್ತಲೇ ದೊಡ್ಡದು. ಬೇಸಾಯ ಮಾತ್ರ ಕೈಹತ್ತಲಿಲ್ಲ. ಕೆಂಪು ಮಣ್ಣು, ಮಳೆ ಬಂದರೆ ರಾಗಿ, ಬಾರದಿದ್ದರೆ ಅದೂ ಇಲ್ಲ. ಲೇಖನಿ ಹಿಡಿದ ಕೈಗೆ ನೇಗಿಲು ಒಗ್ಗುವುದು ಸುಲಭವೆ? (ಮೇಷ್ಟರಾದ ನಾನು ಇದನ್ನು ಕೇಳುವುದು ಸಲೀಸು!) ವಸಾಹತು ಬರಬರುತ್ತ ನಿವೃತ್ತರ ತಂಗುದಾಣವಾಯಿತು. 1933ರಲ್ಲಿ ರಾಂಚಿಯ ಬಳಿ ಮಕ್ಲಸ್ಕಿಗಂಜನ್ನು ಕಟ್ಟಿದ ಇದೇ ಸಮುದಾಯದವರ ಅನುಭವವೂ ಬೇರೆಯಾಗಲಿಲ್ಲ.

ಇಲ್ಲಿನ ವೇವರ್ಲಿ ಇನ್ ಎಂಬ ವಸತಿಗೃಹಕ್ಕೆ, ದಂಡಿನಲ್ಲಿ ಸೈನ್ಯಾಧಿಕಾರಿಯಾಗಿದ್ದ ತರುಣ ಚರ್ಚಿಲ್ ಒಡೆಯನ ಮಗಳನ್ನು ಕಾಣಲು ಬರುತ್ತಿದ್ದನೆಂದು ಕಥೆಯಿದೆ. ಅವನು 1896ರಲ್ಲಿ ಬೆಂಗಳೂರಿಗೆ ಬಂದದ್ದು ನಿಜ. ಉಳಿದದ್ದು ಊರಿನ ಬಾಯಲ್ಲಿ ಬೆಳೆದ ಪ್ರಣಯ. ಇಂಥ ಕಥೆಗೆ ಸಿಕ್ಕುವ ಕೇಳುಗರು ವೈಟನ ಹಂಬಲಕ್ಕೆ ಸಿಕ್ಕಲಿಲ್ಲವಲ್ಲ ಎಂಬುದೇ ನನ್ನ ಕೊರಗು.

1947ರ ಬಳಿಕ ಈ ಸಮುದಾಯದ ಎಷ್ಟೋ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾಗಳ ಹಡಗು ಹತ್ತಿದವು. 1990ರ ದಶಕದಲ್ಲಿ ತಂತ್ರಜ್ಞಾನ ಉದ್ಯಾನ ಬಂದಿತು. ಅಲ್ಲಿಂದ ಹಿತ್ತಲಿಗೇ ಬೆಲೆ. ಅದರ ಮೇಲೆ ನಿಂತ ಮನೆ ಅಡ್ಡಿ. ಒಂದೊಂದಾಗಿ ಹೆಂಚು ಇಳಿದು ಬಹುಮಹಡಿಗಳೆದ್ದವು. ರಾಗಿ ಬೆಳೆಯಲಾರದ ನೆಲವನ್ನು ಈಗ ಚದರಡಿಯಲ್ಲಿ ಅಳೆಯುತ್ತಾರೆ. ಹಳೆಯ ಮನೆ ಕೆಲವು ಮಾತ್ರ ಮರಗಳ ಮರೆಯಲ್ಲಿ ಉಳಿದಿವೆ.

2023ರಲ್ಲಿ ಮೆಟ್ರೋ ರೈಲು ಇಲ್ಲಿಗೂ ಬಂದಿತು. ಕೊನೆಯ ನಿಲ್ದಾಣದ ಹಲಗೆಯಲ್ಲಿ ವೈಟ್‌ಫೀಲ್ಡ್ ಎಂದು ಬರೆದು, ಪಕ್ಕದಲ್ಲೇ ಕಂಸದೊಳಗೆ ಕಾಡುಗೋಡಿ ಎಂದಿದ್ದಾರೆ.