ಬಾಗಿಲು ತೆರೆಸಿದ್ದು ದುಡ್ಡು

1965ರ ಜುಲೈ 30. ಅಮೆರಿಕದ ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಅನ್ನೋ ಊರು. ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದು ಕಾನೂನಿಗೆ ಸಹಿ ಹಾಕ್ತಿದ್ದಾರೆ. ಪಕ್ಕದಲ್ಲಿ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್. ಎಲ್ಲರಿಗೂ ಆರೋಗ್ಯ ವಿಮೆ ಕೊಡ್ತೀನಿ ಅಂತ ಹೊರಟು ಸೋತಿದ್ದ ಮನುಷ್ಯ. ಆ ಸಹಿಯಿಂದ ವಯಸ್ಸಾದವರಿಗೆ ಮೆಡಿಕೇರ್ ಬಂತು, ಬಡವರಿಗೆ ಮೆಡಿಕೇಡ್ ಬಂತು.

ಆಗ ಆ ದೇಶದಲ್ಲಿ ಹುಟ್ಟಿದ ಸಾವಿರ ಬಿಳಿಯ ಮಕ್ಕಳಲ್ಲಿ ಸುಮಾರು 21 ಮಕ್ಕಳು ಮೊದಲ ಹುಟ್ಟುಹಬ್ಬ ನೋಡ್ತಿರಲಿಲ್ಲ. ಕಪ್ಪು ಮಕ್ಕಳಲ್ಲಿ ಆ ಸಂಖ್ಯೆ 40 ದಾಟಿತ್ತು. ಮಿಸಿಸಿಪ್ಪಿಯ ಹತ್ತಿ ಹೊಲಗಳ ಕಡೆ ಕೂಸುಗಳು ಸಾಯ್ತಿದ್ದದ್ದು ಭೇದಿಯಿಂದ, ನ್ಯುಮೋನಿಯಾದಿಂದ. ಒಂದು ಡ್ರಿಪ್ ಹಾಕಿದ್ರೆ, ನಾಲ್ಕು ದಿನ ಆ್ಯಂಟಿಬಯೋಟಿಕ್ ಕೊಟ್ಟಿದ್ರೆ ಎಷ್ಟೋ ಮಕ್ಕಳು ಉಳೀತಿದ್ವು. ಆದರೆ ಆಸ್ಪತ್ರೆಯ ಬಾಗಿಲು? 1946ರ ಕಾನೂನೊಂದು ಸರ್ಕಾರಿ ದುಡ್ಡಲ್ಲೇ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಆಸ್ಪತ್ರೆ ಕಟ್ಟಲು ಅವಕಾಶ ಕೊಟ್ಟಿತ್ತು! ತೆರಿಗೆ ಮಾತ್ರ ಇಬ್ಬರದ್ದೂ.

1964ರ ನಾಗರಿಕ ಹಕ್ಕುಗಳ ಕಾಯ್ದೆ, ಕೇಂದ್ರದ ದುಡ್ಡು ಪಡೆಯೋರು ಭೇದ ಮಾಡಕೂಡದು ಅಂತು. ಕಾಗದದ ಮೇಲಿನ ಮಾತು. 1966ರ ಜುಲೈನಲ್ಲಿ ಮೆಡಿಕೇರ್ ಹಣ ಹರಿಯುವ ಹೊತ್ತಿಗೆ ಆ ಮಾತಿಗೆ ಹಲ್ಲು ಬಂತು. ವಾರ್ಡು ಒಂದು ಮಾಡಿ, ಇಲ್ಲಾಂದ್ರೆ ದುಡ್ಡಿಲ್ಲ. ಕೆಲವೇ ತಿಂಗಳಲ್ಲಿ ಸುಮಾರು ಸಾವಿರ ಆಸ್ಪತ್ರೆಗಳು ಗೋಡೆ ತೆಗೆದವು. ದಶಕಗಳ ನೀತಿಬೋಧೆಗೆ ಬಗ್ಗದವರು ಬಿಲ್ಲಿಗೆ ಬಗ್ಗಿದರು, ನೋಡಿ. ಅದಾದ ಮೇಲೆ ಮಿಸಿಸಿಪ್ಪಿಯಲ್ಲಿ ಕಪ್ಪು ಶಿಶುಗಳ ಸಾವು ಸರ್ರನೆ ಇಳೀತು. ಅದರಲ್ಲೂ ಭೇದಿ, ನ್ಯುಮೋನಿಯಾದ ಸಾವು. ಆಲ್ಮಂಡ್, ಚೇ, ಗ್ರೀನ್‌ಸ್ಟೋನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಮುಂದೆ ಇದನ್ನು ಲೆಕ್ಕ ಹಾಕಿ ತೋರಿಸಿದರು.

ಮೆಡಿಕೇಡ್ ಕಥೆ ಇಷ್ಟು ನೇರ ಇಲ್ಲ. ಅದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಅರಿಜೋನಾ ಒಪ್ಪಿದ್ದು 1982ರಲ್ಲಿ! ಗರ್ಭಿಣಿಯರಿಗೆ ಅದು ನಿಜವಾಗಿ ವಿಸ್ತರಿಸಿದ್ದು ಎಂಬತ್ತರ ದಶಕದಲ್ಲಿ. ಇವತ್ತು ಅಮೆರಿಕದ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕರ ಖರ್ಚು ಅದರದ್ದೇ.

ಹಾಗಾದ್ರೆ ಅಂತರ ಹೋಯ್ತಾ? ಕಾರ್ಡು ಕೈಗೆ ಬಂದ್ರೆ ಮಗು ಬದುಕುತ್ತೆ ಅಂತ ನಾನೂ ಒಮ್ಮೆ ಸ್ಟುಡಿಯೋದಲ್ಲಿ ಕೂತು ಜೋರಾಗಿ ಹೇಳಿದ್ದೆ. ಅದು ಅರ್ಧ ಸತ್ಯ. 2022ರಲ್ಲಿ ಬಿಳಿಯ ಮಕ್ಕಳ ಸಾವು ಸಾವಿರಕ್ಕೆ 4.5, ಕಪ್ಪು ಮಕ್ಕಳದ್ದು 10.9. ಎರಡೂ ಇಳಿದಿವೆ, ಒಪ್ಪೋಣ. ಆದರೆ ಅಂದು ಎರಡು ಪಟ್ಟಿದ್ದ ಅಂತರ ಇಂದು ಎರಡೂಕಾಲು ಪಟ್ಟನ್ನೂ ದಾಟಿದೆ. ಈಗ ಕೊಲ್ಲುತ್ತಿರುವುದು ಹೆಚ್ಚಾಗಿ ಅವಧಿಗೆ ಮುಂಚಿನ ಹೆರಿಗೆ. ಅದರ ಬೇರು ತಾಯಿಯ ರಕ್ತದೊತ್ತಡದಲ್ಲಿ, ಸಕ್ಕರೆ ಕಾಯಿಲೆಯಲ್ಲಿ, ಅವಳು ಬಸುರಾಗೋದಕ್ಕೂ ಮುಂಚಿನ ವರ್ಷಗಳಲ್ಲಿ ಇರುತ್ತೆ. ಬಸುರಿ ಆದಮೇಲೆ ಕೊಟ್ಟ ಕಾರ್ಡು ಆ ವರ್ಷಗಳನ್ನ ಹೇಗೆ ಮುಟ್ಟೀತು?

ಆ ವರ್ಷಗಳಿಗೂ ವಿಮೆ ಕೊಡಿ ಅಂತ 2010ರಲ್ಲಿ ಒಬಾಮ ಕಾನೂನು ಹೇಳಿತು. 2012ರಲ್ಲಿ ಸುಪ್ರೀಂ ಕೋರ್ಟ್, ಅದು ರಾಜ್ಯಗಳ ಇಷ್ಟ ಅಂತು. ಮಿಸಿಸಿಪ್ಪಿ ಬೇಡ ಅಂತು. 2025ರ ಆಗಸ್ಟ್‌ನಲ್ಲಿ ಅದೇ ಮಿಸಿಸಿಪ್ಪಿ ಶಿಶುಮರಣದ ಕಾರಣಕ್ಕೆ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಹಿಂದಿನ ವರ್ಷ ಅಲ್ಲಿ ಸಾವಿರಕ್ಕೆ 9.7 ಕೂಸುಗಳು ಸತ್ತಿದ್ದವು.