ಎರಡು ನಸುಕುಗಳು ಕಲಿಸಿದ ಪಾಠ



ಚಿಮ್ಮಡದ ಉತ್ತರಕ್ಕೆ ಹರಿಯುವ ಕೃಷ್ಣೆಯಲ್ಲಿ ಕೊಯ್ನೆಯ ನೀರೂ ಇದೆ. ಸಹ್ಯಾದ್ರಿಯ ಈ ನದಿ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇದರ ಅಣೆಕಟ್ಟಿನ ಬಳಿ 1967ರ ಡಿಸೆಂಬರ್ 11ರಂದು, ನಸುಕಿನ 4 ಗಂಟೆ 21 ನಿಮಿಷಕ್ಕೆ, ಭೂಮಿ ನಡುಗಿತು. ಸುಮಾರು 180 ಜನ ಸತ್ತರು. 103 ಮೀಟರ್ ಎತ್ತರದ ಅಣೆಕಟ್ಟು ಬಿರುಕು ಬಿಟ್ಟರೂ ಒಡೆಯಲಿಲ್ಲ. ದಖ್ಖನಿನ ಬಂಡೆ ಅಲುಗದೆಂಬ ಹಳೆಯ ನಂಬಿಕೆ ಒಡೆಯಿತು. ಜಲಾಶಯದ ಭಾರ ಮತ್ತು ಬಂಡೆಯ ಸೀಳುಗಳಿಗೆ ಇಳಿದ ನೀರು, ನೆಲದೊಳಗೆ ಮೊದಲೇ ಕೂಡಿಕೊಂಡಿದ್ದ ಒತ್ತಡವನ್ನು ಕೆರಳಿಸಿದವೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ಅದು ಅಣೆಕಟ್ಟಿನ ಊರಿನ ಸಂಕಟವೆಂದು ನಾವು ಸುಮ್ಮನಿದ್ದೆವು. 26 ವರ್ಷಗಳ ನಂತರ, 1993ರ ಸೆಪ್ಟೆಂಬರ್ 30ರಂದು, ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿ ಕುಸಿಯಿತು. ಗಣೇಶನನ್ನು ಕಳಿಸಿ ಜನ ಗಾಢ ನಿದ್ದೆಯಲ್ಲಿದ್ದರು. ಕಂಪನದ ಪ್ರಮಾಣ ಸುಮಾರು 6.2. ಸತ್ತವರು 8,000ದಿಂದ 10,000. ಉತ್ತರ ಕರ್ನಾಟಕದಲ್ಲೂ ನೆಲ ನಡುಗಿತು. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ತೆಗೆದು ಎರಡನೆಯದಕ್ಕೆ ಸೇರಿಸಿದರು.

ಇಷ್ಟು ಜನ ಸತ್ತದ್ದೇಕೆ? ಅವರ ಮನೆಗಳೇ ಅವರನ್ನು ಕೊಂದವು. ಕೆಸರಿನಲ್ಲಿ ಕೂಡಿಸಿದ ಗುಂಡುಕಲ್ಲಿನ ದಪ್ಪ ಗೋಡೆ. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಹಾಕಿ ಹಾಕಿ ಒಂದೆರಡು ಅಡಿ ದಪ್ಪವಾದ ಮಾಳಿಗೆಯ ಮಣ್ಣು. ಮರದ ಕಂಬ-ತೊಲೆಗಳು ಎಷ್ಟೋ ಕಡೆ ನಿಂತೇ ಇದ್ದವು. ಗೋಡೆಗಳು ಮಾತ್ರ ಮಲಗಿದವರ ಮೇಲೆ ಬಿದ್ದವು. ಇಂಥ ಮನೆಗಳು ನಮ್ಮ ಜಮಖಂಡಿ, ಮುಧೋಳ ಸೀಮೆಗೆ ಹೊಸವಲ್ಲ.

ಕುಸಿದ ಮನೆಯನ್ನು ಕಿರುತೆರೆಯಲ್ಲಿ ತೋರಿಸುವುದು ಸುಲಭ. ಕುಸಿಯದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಮಾಳಿಗೆಯ ಮೇಲೆ ಮಣ್ಣು ಹೇರುತ್ತ ಹೋಗಬೇಡಿ. ಹಳೆಯದನ್ನು ತೆಗೆದು ಹಗುರ ಮಾಡಿರಿ. ಹೊಸ ಗೋಡೆಯಲ್ಲಿ ಎರಡೂ ಮುಖಗಳನ್ನು ಹಿಡಿದು ನಿಲ್ಲುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂಡಿಸಿರಿ. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಿಸಿರಿ.

ನೆಲ ನಡುಗಿದಾಗ ಮಣ್ಣಿನ ಮನೆಯ ಬಾಗಿಲ ಬಳಿಯೇ ಇದ್ದರೆ ಕೂಡಲೇ ಬಯಲಿಗೆ ಬನ್ನಿರಿ. ಗೋಡೆ, ವಿದ್ಯುತ್ ತಂತಿಗಳಿಂದ ದೂರ ನಿಲ್ಲಿರಿ. ಹೊರಬರಲಾಗದಿದ್ದರೆ, ಇಲ್ಲವೆ ಕಾಂಕ್ರೀಟ್ ಕಟ್ಟಡದಲ್ಲಿದ್ದರೆ, ಗಟ್ಟಿ ಮೇಜಿನ ಕೆಳಗೆ ಕುಕ್ಕರಿಸಿ ತಲೆ ಕಾಪಾಡಿಕೊಳ್ಳಿರಿ. ನಡುಕ ನಿಂತ ಮೇಲೂ ಮರುಕಂಪನಗಳು ಬರುತ್ತವೆ. ಬಿರುಕು ಬಿಟ್ಟ ಮನೆಗೆ ದಾಗೀನು, ದುಡ್ಡು ತರಲೆಂದು ಮರಳಿ ಹೋಗಬೇಡಿ. ಅನಿಲದ ವಾಸನೆ ಬಂದರೆ ಕಡ್ಡಿ ಗೀರಬೇಡಿ, ದೀಪದ ಗುಂಡಿ ಒತ್ತಬೇಡಿ. ಅವಶೇಷದಡಿ ಸಿಕ್ಕವರು ಬಾಯಿಗೆ ಬಟ್ಟೆ ಹಿಡಿದು, ಕೂಗಿ ದಣಿಯದೆ, ಕಲ್ಲಿನಿಂದ ಬಡಿದು ಸದ್ದು ಮಾಡಲಿ.

ಎರಡೂ ಭೂಕಂಪಗಳು ನಿದ್ದೆಯ ಹೊತ್ತಿನಲ್ಲಿ ಬಂದವು. ಆದ್ದರಿಂದ ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ಬಾಗಿಲಿನವರೆಗೆ ನಡೆದು ನೋಡಿರಿ. ದಾರಿಯಲ್ಲಿ ಜೋಳದ ಚೀಲವಿದ್ದರೆ ಪಕ್ಕಕ್ಕೆ ಸರಿಸಿರಿ.